ಮ್ಯೂನಿಕ್‌ನಲ್ಲಿ ಒಂದು ಕೋಣೆ ಬೇಕಾಗಿದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಸೆಪ್ಟೆಂಬರ್ ತಿಂಗಳ ಕೊನೆಗೆ ಜರ್ಮನಿಯ ಮ್ಯೂನಿಕ್ ನಗರಕ್ಕೆ ಬಂದಿಳಿಯುವ ವಿದ್ಯಾರ್ಥಿಯನ್ನು ಕೇಳಿದರೆ ಆತ ಈ ಗಾದೆಗೆ ಮೂರನೆಯ ತುಂಡೊಂದನ್ನು ಸೇರಿಸಿಯಾನು: ಬಾಡಿಗೆಗೆ ಕೋಣೆ ಹಿಡಿದು ನೋಡು!

2023ರ ನವೆಂಬರ್‌ನಲ್ಲಿ ಬೆಂಗಳೂರಿಗೂ ಮ್ಯೂನಿಕ್‌ಗೂ ನೇರ ವಿಮಾನ ಸಂಚಾರ ಆರಂಭವಾಯಿತು. ಹತ್ತು ಗಂಟೆಯ ಆಸುಪಾಸಿನ ಪ್ರಯಾಣ. ಹೀಗಾಗಿ ದೂರ ಎಂಬ ಭಯ ಕಡಿಮೆಯಾಗಿದೆ. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ವೀಸಾ ಬಂತು, ಟಿಕೆಟ್ಟೂ ಆಯಿತು. ಉಳಿದದ್ದು ತಲೆಯ ಮೇಲೊಂದು ಸೂರು. ಅದೇನು ಮಹಾ ಎನ್ನುವವರು ಎಡವುವುದು ಇಲ್ಲಿಯೇ.

ಇಸಾರ್ ನದಿಯ ದಂಡೆಯಲ್ಲಿ

ಬವೇರಿಯಾ ರಾಜ್ಯದ ರಾಜಧಾನಿಯಾದ ಮ್ಯೂನಿಕ್, ಬರ್ಲಿನ್ ಮತ್ತು ಹ್ಯಾಂಬರ್ಗ್‌ಗಳ ನಂತರ ಜರ್ಮನಿಯ ಮೂರನೆಯ ದೊಡ್ಡ ನಗರ. ಜನಸಂಖ್ಯೆ ಹದಿನೈದು ಲಕ್ಷವನ್ನು ಮೀರಿದೆ. ಆಲ್ಪ್ಸ್ ಪರ್ವತದಲ್ಲಿ ಹುಟ್ಟಿದ ಇಸಾರ್ ನದಿ ತಿಳಿಹಸಿರು ನೀರನ್ನು ಹೊತ್ತು ನಗರದ ನಡುವೆಯೇ ಹರಿಯುತ್ತದೆ. ನದಿಯ ನಡುಗಡ್ಡೆಯೊಂದರಲ್ಲಿ ಜಗತ್ತಿನ ಅತಿ ದೊಡ್ಡ ವಿಜ್ಞಾನ ವಸ್ತುಸಂಗ್ರಹಾಲಯಗಳಲ್ಲೊಂದಾದ ಡಾಯ್ಚಸ್ ಮ್ಯೂಸಿಯಂ ಇದೆ. ಗಾಳಿಯ ಒತ್ತಡದ ಪಾಠದಲ್ಲಿ ಎಲ್ಲರೂ ಓದಿರುವ ಮಾಗ್ಡೆಬರ್ಗ್ ಅರ್ಧಗೋಳಗಳು, ಅಂದರೆ ಕುದುರೆಗಳ ಸಾಲು ಎಳೆದರೂ ಬೇರ್ಪಡದ ಆ ಮೂಲ ಗೋಳಗಳೇ, ಇಲ್ಲಿ ನೋಡಲು ಸಿಗುತ್ತವೆ.

ವಿಜ್ಞಾನದ ವಿದ್ಯಾರ್ಥಿಗೆ ಇದು ಒಂದು ಬಗೆಯ ತೀರ್ಥಕ್ಷೇತ್ರವೆಂದರೂ ತಪ್ಪಲ್ಲ. ಕ್ಷ-ಕಿರಣದ ರಾಂಟ್‌ಜೆನ್ 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ಪಡೆದಾಗ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಮ್ಯಾಕ್ಸ್ ಪ್ಲಾಂಕ್ 1879ರಲ್ಲಿಯೂ ಹೈಸನ್‌ಬರ್ಗ್ 1923ರಲ್ಲಿಯೂ ಡಾಕ್ಟರೇಟ್ ಪಡೆದದ್ದು ಇಲ್ಲಿನ ವಿಶ್ವವಿದ್ಯಾಲಯದಿಂದಲೇ. ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯ 1472ರಷ್ಟು ಹಳೆಯದು. ತಾಂತ್ರಿಕ ವಿಶ್ವವಿದ್ಯಾಲಯ 1868ರದ್ದು. ಎರಡರಲ್ಲೂ ಸೇರಿ ಸುಮಾರು ಒಂದು ಲಕ್ಷ ವಿದ್ಯಾರ್ಥಿಗಳಿದ್ದಾರೆ. ಮೋಟಾರು, ವಿದ್ಯುತ್ ಉಪಕರಣ, ಕಂಪ್ಯೂಟರ್ ಉದ್ಯಮಗಳನ್ನು ಅರಸಿ ಬರುವವರ ಸಾಲು ಬೇರೆ.

ಇಷ್ಟು ಜನರಿಗೆ ಮನೆ ಎಲ್ಲಿಂದ ಬರಬೇಕು? ಮುಗಿಲೆತ್ತರದ ಕಟ್ಟಡಗಳೆಂದರೆ ಮ್ಯೂನಿಕ್‌ನವರಿಗೆ ಹಿಂದಿನಿಂದಲೂ ಮುನಿಸು. ಫ್ರೌವೆನ್‌ಕಿರ್ಶೆ ಎಂಬ ಹಳೆಯ ಚರ್ಚಿನ ಜೋಡಿ ಗೋಪುರಗಳನ್ನು ಮೀರಿ ಯಾವುದೂ ಏಳಬಾರದೆಂಬುದು ಹಲವರ ಹಟ. 2004ರ ಜನಮತಗಣನೆಯಲ್ಲಿ 100 ಮೀಟರ್ ಮಿತಿಯ ಪರವಾದವರೇ ಕೂದಲೆಳೆಯ ಅಂತರದಿಂದ ಗೆದ್ದರು. ನಗರದ ಅಂದ ಉಳಿಯಿತು, ಮನೆಗಳ ಕೊರತೆಯೂ ಉಳಿಯಿತು.

ಇದಕ್ಕೆ ಕಾಲದ ಕಿತಾಪತಿಯೂ ಸೇರಿಕೊಳ್ಳುತ್ತದೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಆರಂಭ. ಹೊಸ ವಿದ್ಯಾರ್ಥಿಗಳು ಬರುವುದು ಸೆಪ್ಟೆಂಬರ್ ಕೊನೆಗೆ. ಸರಿಯಾಗಿ ಅದೇ ಹೊತ್ತಿಗೆ ಊರಿನಲ್ಲಿ ಜಾತ್ರೆ! 1810ರಿಂದ ನಡೆದುಬಂದಿರುವ ಅಕ್ಟೋಬರ್‌ಫೆಸ್ಟ್ ಹೆಸರಿಗೆ ಅಕ್ಟೋಬರ್‌ನದಾದರೂ ಶುರುವಾಗುವುದು ಸೆಪ್ಟೆಂಬರ್ ನಡುವಿನಲ್ಲಿ. 2023ರಲ್ಲಿ ಅದಕ್ಕೆ ಬಂದವರು 72 ಲಕ್ಷ ಜನ. ಹೋಟೆಲ್ ಕೋಣೆಗಳ ದರ ಗಗನಕ್ಕೇರಿರುತ್ತದೆ. ಮನೆ ಸಿಗುವವರೆಗೆ ಒಂದೆರಡು ವಾರ ಹೋಟೆಲಿನಲ್ಲಿದ್ದು ಹುಡುಕೋಣ ಎಂಬ ಲೆಕ್ಕಾಚಾರ ತಲೆಕೆಳಗಾಗುವುದು ಹೀಗೆ. ಈ ಗಾಬರಿಯೇ ಮೋಸಗಾರರ ಬಂಡವಾಳ.

ಇ-ಮೇಲಿನಲ್ಲಿ ಬರುವ ಸಿಹಿ ಮಾತು

ಹಾಸನದ ಹುಡುಗಿಯೊಬ್ಬಳು ಎಂ.ಎಸ್. ಓದಲು ಮ್ಯೂನಿಕ್‌ಗೆ ಹೊರಟಿದ್ದಾಳೆಂದು ಇಟ್ಟುಕೊಳ್ಳಿ. ಜುಲೈ ತಿಂಗಳಿಂದ ದಿನವೂ ಅಂತರ್ಜಾಲದ ಜಾಹೀರಾತುಗಳನ್ನು ನೋಡಿ ನೂರು ಕಡೆಗೆ ಬರೆದಿದ್ದಾಳೆ. ಉತ್ತರ ಬಂದದ್ದು ಮೂರೋ ನಾಲ್ಕೋ. ಎಲ್ಲವೂ 'ಕ್ಷಮಿಸಿ' ಎಂದೇ. ಆಗ ಒಂದು ಪತ್ರ ಬರುತ್ತದೆ. ವಿಶ್ವವಿದ್ಯಾಲಯದ ಪಕ್ಕದಲ್ಲೇ ಎರಡು ಕೋಣೆಯ ಮನೆ, ಮಂಚ, ಮೇಜು, ಅಡುಗೆಮನೆ ಸಮೇತ, ಕರೆಂಟು, ನೀರು ಎಲ್ಲ ಸೇರಿ 550 ಯೂರೊ. ಮಾಲೀಕನು ಇಂಜಿನಿಯರನಂತೆ. ಸದ್ಯ ಲಂಡನ್‌ನಲ್ಲಿ ಕೆಲಸ. ಮಗಳ ಓದಿಗಾಗಿ ಕೊಂಡ ಮನೆ, ಅವಳ ಓದು ಮುಗಿಯಿತು. ತನಗೆ ಹಣ ಮುಖ್ಯವಲ್ಲ, ಮನೆಯನ್ನು ಚೊಕ್ಕಟವಾಗಿಟ್ಟುಕೊಳ್ಳುವ ಒಳ್ಳೆಯ ಹುಡುಗಿ ಬೇಕು. ಮನೆ ತೋರಿಸಲು ಬರಲಾಗದು. ಒಂದು ತಿಂಗಳ ಬಾಡಿಗೆ ಮತ್ತು ಮೂರು ತಿಂಗಳ ಠೇವಣಿ ಕಳಿಸಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ. ನಂಬಿಕೆಗೆ ತನ್ನ ಪಾಸ್‌ಪೋರ್ಟಿನ ಪ್ರತಿ ಇಟ್ಟಿದ್ದೇನೆ, ನಿಮ್ಮದನ್ನೂ ಕಳಿಸಿ. ಇನ್ನೂ ಮೂವರು ಕೇಳುತ್ತಿದ್ದಾರೆ, ಬೇಗ ತಿಳಿಸಿ.

ಒಟ್ಟು 2,200 ಯೂರೊ. ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಯ ಮೇಲೆ. ಶಿಕ್ಷಣ ಸಾಲಕ್ಕೆ ತೋಟದ ಪತ್ರ ಅಡವಿಟ್ಟ ಮನೆಗೆ ಇದು ಸಣ್ಣ ಮೊತ್ತವೇನಲ್ಲ. ಆದರೂ 'ಹೋಗಲಿ, ಮಗಳಿಗೆ ಒಳ್ಳೆ ಮನೆ ಸಿಕ್ಕಿತಲ್ಲ' ಎಂದು ಅಪ್ಪ ಬ್ಯಾಂಕಿಗೆ ಹೊರಡುತ್ತಾರೆ.

ಈ ಪತ್ರದ ಒಂದೊಂದು ಸಾಲನ್ನೂ ಒರೆಗೆ ಹಚ್ಚಿ ನೋಡಬೇಕು. ಮೊದಲನೆಯದು ಬಾಡಿಗೆ. 2025ರ ಹೊತ್ತಿಗೆ ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದೇ ಒಂದು ಕೋಣೆಗೆ ಸರಾಸರಿ ಬಾಡಿಗೆ 800 ಯೂರೊಗಳ ಆಸುಪಾಸಿನಲ್ಲಿತ್ತು. ಹಾಗಿರುವಾಗ ನಗರದ ನಟ್ಟನಡುವೆ ಎರಡು ಕೋಣೆಯ ಇಡೀ ಮನೆ 550ಕ್ಕೆ ಸಿಗುವುದೆಂದರೆ ಕೋಣ ಈಯಿತು ಎಂದಂತೆಯೇ. ಕೊಟ್ಟಿಗೆಗೆ ಕಟ್ಟುವ ಮೊದಲು ಯೋಚಿಸಬೇಡವೇ? ಎರಡನೆಯದು, ಹತ್ತು ಜನ ಬಾಗಿಲು ತಟ್ಟುವ ಊರಿನಲ್ಲಿ ಮಾಲೀಕನೇ ಬಾಡಿಗೆದಾರನ ಬೆನ್ನು ಬೀಳುವುದಿಲ್ಲ. ಮೂರನೆಯದು, ಬಂದ ಪಾಸ್‌ಪೋರ್ಟ್ ಪ್ರತಿ ಅಸಲಿಯೇ ಇರಬಹುದು, ಆದರೆ ಅದು ಹಿಂದೆ ಮೋಸಹೋದ ಇನ್ನಾರದೋ ಆಗಿರುತ್ತದೆ. ಹಾಸನದ ಹುಡುಗಿ ಕಳಿಸಿದ ಪ್ರತಿ ಮುಂದಿನ ಬಲಿಪಶುವಿಗೆ 'ಮಾಲೀಕಳ ಗುರುತಿನ ಪತ್ರ'ವಾಗಿ ಹೋಗುತ್ತದೆ! ಬೆಳ್ಳಗಿರುವುದೆಲ್ಲ ಹಾಲಲ್ಲ.

ಚಿತ್ರಗಳ ಕಥೆಯೂ ಇಷ್ಟೇ. ಯಾವುದೋ ಹೋಟೆಲಿನ, ಯಾವುದೋ ದೇಶದ ಮನೆ ಮಾರಾಟದ ಜಾಹೀರಾತಿನ ಚಿತ್ರಗಳನ್ನು ಎತ್ತಿ ಅಂಟಿಸಿರುತ್ತಾರೆ. ಒಂದು ಚಿತ್ರ ಅಂತರ್ಜಾಲದಲ್ಲಿ ಇನ್ನೆಲ್ಲೆಲ್ಲಿ ಇದೆ ಎಂದು ಹುಡುಕುವ ಸೌಕರ್ಯ ಈಗ ಮೊಬೈಲ್ ಫೋನಿನಲ್ಲೇ ಉಂಟು. ಎರಡು ನಿಮಿಷದ ಕೆಲಸ. ಅದೇ ಅಡುಗೆಮನೆ ಬೇರೊಂದು ಊರಿನ ಹೆಸರಿನಲ್ಲಿ ಕಾಣಿಸಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಕಾಣಿಸದಿದ್ದರೆ ಮಾತ್ರ ಮನೆ ನಿಜವೆಂದು ತೀರ್ಮಾನಿಸುವಂತಿಲ್ಲ.

ಮನೆ ನೋಡಿದವರೂ ಮೋಸಹೋಗುವುದುಂಟು. ಯಾರೋ ಒಬ್ಬ ಪ್ರವಾಸಿಗರ ಮನೆಯೊಂದನ್ನು ಮೂರು ದಿನಕ್ಕೆ ಬಾಡಿಗೆ ಹಿಡಿಯುತ್ತಾನೆ. ಆ ಮೂರು ದಿನದಲ್ಲಿ ಇಪ್ಪತ್ತು ಜನರಿಗೆ ಅದನ್ನು ತನ್ನದೆಂದು ತೋರಿಸಿ, ಎಲ್ಲರಿಂದಲೂ ನಗದು ಠೇವಣಿ ಪಡೆದು ಮಾಯವಾಗುತ್ತಾನೆ. ತಿಂಗಳ ಮೊದಲ ದಿನ ಇಪ್ಪತ್ತು ಪೆಟ್ಟಿಗೆಗಳು ಒಂದೇ ಬಾಗಿಲಿಗೆ ಬರುತ್ತವೆ.

ತಣ್ಣನೆ ಬಾಡಿಗೆ, ಬೆಚ್ಚನೆ ಬಾಡಿಗೆ

ಇಂಥ ಗಾಳಕ್ಕೆ ನಮ್ಮ ಕಡೆಯವರು ಸುಲಭವಾಗಿ ಬೀಳುವುದಕ್ಕೆ ಒಂದು ಕಾರಣವಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಮುಂಗಡ ಕೇಳುವುದು ಅಸಹಜವೆನಿಸುವುದಿಲ್ಲ. ನಾಲ್ಕು ತಿಂಗಳದ್ದು ಕೇಳಿದರೆ 'ಪಾಪ, ಕಡಿಮೆಯೇ ಕೇಳಿದ' ಎನಿಸೀತು! ಆದ್ದರಿಂದ ಜರ್ಮನಿಯ ಪದ್ಧತಿಯನ್ನು ಮನೆಯವರೆಲ್ಲ ತಿಳಿದಿರುವುದು ಲೇಸು.

ಅಲ್ಲಿ ಬಾಡಿಗೆ ಎರಡು ಬಗೆ. 'ಕಾಲ್ಟ್‌ಮೀಟೆ' ಎಂದರೆ ಅಕ್ಷರಶಃ ತಣ್ಣನೆ ಬಾಡಿಗೆ. ಬರಿಯ ಗೋಡೆ ಮತ್ತು ಸೂರಿಗೆ. ಕೋಣೆ ಬೆಚ್ಚಗಿಡುವ ವೆಚ್ಚ, ನೀರು, ಕಸ ಸಾಗಣೆ ಇತ್ಯಾದಿ ಕೂಡಿಸಿದರೆ 'ವಾರ್ಮ್‌ಮೀಟೆ', ಅಂದರೆ ಬೆಚ್ಚನೆ ಬಾಡಿಗೆ. ವಿದ್ಯುತ್ತಿನ ಬಿಲ್ಲು ಹಲವು ಕಡೆ ಇದರಿಂದಲೂ ಹೊರಗೆ. ಠೇವಣಿಗೆ 'ಕೌಟ್ಸಿಯೋನ್' ಎಂದು ಹೆಸರು. ಜರ್ಮನಿಯ ನಾಗರಿಕ ಸಂಹಿತೆಯ 551ನೇ ಕಲಮಿನ ಪ್ರಕಾರ ಅದು ಮೂರು ತಿಂಗಳ ತಣ್ಣನೆ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮೊದಲ ಕಂತು ಸಲ್ಲಬೇಕಾದದ್ದು ಬಾಡಿಗೆಯ ಅವಧಿ ಆರಂಭವಾದಾಗ. ಮಾಲೀಕನು ಆ ಹಣವನ್ನು ತನ್ನ ಸ್ವಂತ ಹಣದೊಡನೆ ಬೆರೆಸದೆ ಬೇರೆಯಾಗಿ ಇಡಬೇಕು. ಮನೆಯನ್ನು ನೋಡುವ ಮೊದಲೇ ಪೂರ್ತಿ ಠೇವಣಿ ಕೇಳುವವನು ಈ ಕಾನೂನನ್ನು ಓದಿಲ್ಲ, ಇಲ್ಲವೇ ಓದುವ ಅಗತ್ಯ ಅವನಿಗಿಲ್ಲ.

ದಲ್ಲಾಳಿಗಳ ವಿಷಯದಲ್ಲೂ ಸ್ಪಷ್ಟ ನಿಯಮವಿದೆ. 2015ರ ಜೂನ್ 1ರಿಂದ, ದಲ್ಲಾಳಿಯನ್ನು ಯಾರು ಗೊತ್ತುಮಾಡಿದರೋ ಅವರೇ ಅವನ ಶುಲ್ಕ ಕೊಡಬೇಕು. ಮಾಲೀಕ ಗೊತ್ತುಮಾಡಿದ ದಲ್ಲಾಳಿಗೆ ವಿದ್ಯಾರ್ಥಿ ಕೊಡಬೇಕಾದದ್ದು ಏನೂ ಇಲ್ಲ. ಮನೆ ತೋರಿಸಲು ಇಷ್ಟು, ಹೆಸರು ಬರೆದುಕೊಳ್ಳಲು ಇಷ್ಟು ಎಂದು ಕೈಚಾಚುವವರಿಂದ ದೂರವಿರುವುದು ಒಳ್ಳೆಯದು.

ಇನ್ನೊಂದು ಮುಖ್ಯ ಸಂಗತಿ ವಿಳಾಸದ ನೋಂದಣಿ. ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ 'ಇವರು ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ' ಎಂದು ಮನೆ ಕೊಟ್ಟವರು ಬರೆದುಕೊಡುವ ದೃಢೀಕರಣ ಬೇಕು. ವಾಸದ ಪರವಾನಗಿ, ತೆರಿಗೆ ಸಂಖ್ಯೆ ಮುಂತಾದವೆಲ್ಲ ಈ ನೋಂದಣಿಯನ್ನೇ ಆಧರಿಸಿವೆ. 'ಮನೆ ಕೊಡುತ್ತೇನೆ, ನೋಂದಣಿ ಮಾತ್ರ ಬೇಡ' ಎಂದರೆ ಅಲ್ಲೇನೋ ಹುಳುಕಿದೆ. ಬಹುಶಃ ಆತ ಸ್ವತಃ ಬಾಡಿಗೆದಾರನಾಗಿದ್ದು, ಮಾಲೀಕನ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುತ್ತಿರಬಹುದು. ನಾಳೆ ಮಾಲೀಕ ಬಂದು ಕೇಳಿದರೆ ಬೀದಿಗೆ ಬೀಳುವುದು ವಿದ್ಯಾರ್ಥಿಯೇ.

ಕರೆಗಂಟೆಯ ಪಕ್ಕದ ಹೆಸರು

ಮ್ಯೂನಿಕ್‌ನ ಬೀದಿಗಳಲ್ಲಿ ನಡೆದಾಡುವಾಗ ನಮ್ಮವರಿಗೆ ವಿಶೇಷವಾಗಿ ಕಾಣುವುದು ಮನೆಗಳ ಬಾಗಿಲು. ವಸತಿ ಕಟ್ಟಡದ ಮುಖ್ಯ ಬಾಗಿಲಲ್ಲಿ ಕರೆಗಂಟೆಗಳ ಸಾಲು; ಪ್ರತಿ ಗುಂಡಿಯ ಪಕ್ಕ ಸಾಮಾನ್ಯವಾಗಿ ಮನೆಯ ಸಂಖ್ಯೆಯಿರದೆ ವಾಸಿಸುವವರ ಮನೆತನದ ಹೆಸರು ಇರುತ್ತದೆ. ಅಂಚೆಪೆಟ್ಟಿಗೆಯ ಮೇಲೂ ಅದೇ. ಹೆಸರಿಲ್ಲದಿದ್ದರೆ ಅಂಚೆಯವನು ಕಾಗದ ಹಾಕದೆ ಹೋಗುತ್ತಾನೆ.

ಈ ಪದ್ಧತಿ ಒಂದು ಒಳ್ಳೆಯ ಪರೀಕ್ಷೆಯನ್ನೂ ಒದಗಿಸುತ್ತದೆ. ಆ ಊರಿನಲ್ಲಿ ಈಗಾಗಲೇ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರು ಹೋಗಿ ನೋಡಿದರೆ, ಜಾಹೀರಾತು ಕೊಟ್ಟವರ ಹೆಸರು ಅಲ್ಲಿದೆಯೇ, ಆ ಬೀದಿಯಲ್ಲಿ ಆ ಸಂಖ್ಯೆಯ ಕಟ್ಟಡವಾದರೂ ಇದೆಯೇ ಎಂಬುದು ತಿಳಿಯುತ್ತದೆ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಬಹುದು. ಮಾಲೀಕ ಬೇರೆಡೆ ಇದ್ದು ಹೆಸರು ಕಾಣದಿದ್ದರೆ, ಕಟ್ಟಡದ ಉಸ್ತುವಾರಿ ಸಂಸ್ಥೆಯ ಫಲಕ ಬಾಗಿಲ ಬಳಿಯೇ ಇರುವುದುಂಟು. ಅಲ್ಲಿ ವಿಚಾರಿಸಬಹುದು. ಮ್ಯೂನಿಕ್‌ನಲ್ಲಿ ಕನ್ನಡಿಗರೂ ಇದ್ದಾರೆ, ಭಾರತೀಯ ವಿದ್ಯಾರ್ಥಿಗಳ ಬಳಗವೂ ಇದೆ. ಹಣ ಸಾಲ ಕೇಳಲು ಸಂಕೋಚಪಡಬೇಕು. 'ಒಮ್ಮೆ ಹೋಗಿ ನೋಡಿ ಬನ್ನಿ ಅಣ್ಣ' ಎಂದು ಕೇಳಲು ಸಂಕೋಚವೇಕೆ?

ಹೋಗಿ ನೋಡುವವರು ಯಾರೂ ಇಲ್ಲದಿದ್ದರೆ ವಿಡಿಯೊ ಕರೆ. ಮೊದಲೇ ತೆಗೆದಿಟ್ಟ ಚಿತ್ರ ಬೇಡ, ಆ ಕ್ಷಣದ ಕರೆಯೇ ಬೇಕು. ಬೀದಿಯಿಂದ ಆರಂಭಿಸಿ, ಕಟ್ಟಡದ ಸಂಖ್ಯೆ ತೋರಿಸಿ, ಬೀಗ ತೆರೆದು ಒಳಗೆ ನಡೆಯಲು ಹೇಳಬೇಕು. 'ಅಡುಗೆಮನೆಯ ಕಿಟಕಿ ತೆರೆಯಿರಿ, ಹೊರಗೇನು ಕಾಣುತ್ತದೆ?' ಎಂದು ಕೇಳಬೇಕು. ಪ್ರಾಮಾಣಿಕ ಮಾಲೀಕರು ಇದಕ್ಕೆ ಬೇಸರಿಸುವುದಿಲ್ಲ. ದೂರದಲ್ಲಿರುವ ಮಾಲೀಕರೆಲ್ಲ ಕಳ್ಳರೂ ಅಲ್ಲ. ಆದರೆ ಪರೀಕ್ಷೆಗೆ ಒಪ್ಪದವರಿಗೆ ಹಣ ಕಳಿಸುವ ಅಗತ್ಯ ಯಾರಿಗೂ ಇಲ್ಲ.

ಗಣಿತ ಹೇಳುವುದೆಷ್ಟು?

ಯುರೋಪಿನ ಬ್ಯಾಂಕ್ ಖಾತೆಗಳಿಗೆ 'ಐಬಾನ್' ಎಂಬ ಸಂಖ್ಯೆ ಇರುತ್ತದೆ. ಜರ್ಮನಿಯದಾದರೆ 'ಡಿ', 'ಇ' ಎಂಬ ಎರಡು ಅಕ್ಷರದಿಂದ ಆರಂಭವಾಗಿ ಒಟ್ಟು 22 ಸ್ಥಾನ. ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ಒಯ್ದು, 'ಡಿ'ಗೆ 13, 'ಇ'ಗೆ 14 ಎಂದು ಬರೆದು, ಬಂದ ಉದ್ದನೆಯ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಬರಬೇಕು. ಬಾರದಿದ್ದರೆ ಖಾತೆ ಸಂಖ್ಯೆ ತಪ್ಪು. ಸೊಗಸಾದ ಲೆಕ್ಕ! ಆದರೆ ಈ ಲೆಕ್ಕ ಹಿಡಿಯುವುದು ಕೈತಪ್ಪನ್ನು, ಮನುಷ್ಯನ ಕಪಟವನ್ನಲ್ಲ. ಕಳ್ಳನ ಖಾತೆಯ ಶೇಷವೂ 1 ಆಗಿಯೇ ಇರುತ್ತದೆ.

2025ರ ಅಕ್ಟೋಬರ್ 9ರಿಂದ ಯೂರೊ ವಲಯದ ಬ್ಯಾಂಕುಗಳು ತಮ್ಮೊಳಗಿನ ಯೂರೊ ವರ್ಗಾವಣೆಯಲ್ಲಿ ಖಾತೆ ಸಂಖ್ಯೆಗೂ ಹೆಸರಿಗೂ ತಾಳೆ ಇದೆಯೇ ಎಂದು ನೋಡಿ ಹಣ ಕಳಿಸುವವರಿಗೆ ತಿಳಿಸಬೇಕಾಗಿದೆ. ಭಾರತದ ಬ್ಯಾಂಕಿನಿಂದ ಹೋಗುವ ಹಣಕ್ಕೆ ಈ ರಕ್ಷಣೆಯನ್ನು ನಂಬಿಕೊಳ್ಳುವಂತಿಲ್ಲ. ಮಾಲೀಕ ಮ್ಯೂನಿಕ್‌ನವನು, ಮನೆ ಮ್ಯೂನಿಕ್‌ನದು, ಖಾತೆ ಮಾತ್ರ ಮೂರನೆಯ ದೇಶದ್ದು, ಅದೂ ಇನ್ನಾರದೋ ಹೆಸರಿನಲ್ಲಿ ಎಂದಾದರೆ ಅಲ್ಲಿಗೇ ನಿಲ್ಲಿಸಬೇಕು. ಹೆಸರು ಹೇಳಿ ನಗದು ಪಡೆಯುವ ಹಣ ರವಾನೆ, ಗಿಫ್ಟ್ ಕಾರ್ಡ್, ಕ್ರಿಪ್ಟೊ ನಾಣ್ಯ ಇವುಗಳ ಮೂಲಕ ಯಾವ ನಿಜವಾದ ಮಾಲೀಕನೂ ಬಾಡಿಗೆ ಪಡೆಯುವುದಿಲ್ಲ. ಹೆಸರಾಂತ ವಸತಿ ಕಂಪನಿಯ ಪುಟದಂತೆಯೇ ಕಾಣುವ ಕೊಂಡಿ ಬಂದರೆ ಅದನ್ನು ಒತ್ತದೆ, ಆ ಕಂಪನಿಯ ವಿಳಾಸವನ್ನು ತಾವೇ ಬರೆದು ತೆರೆದು ನೋಡಬೇಕು. ಪಾಸ್‌ಪೋರ್ಟ್ ಪ್ರತಿ ಕೊಡಲೇಬೇಕಾದಾಗ ಸಂಖ್ಯೆಯನ್ನು ಮುಚ್ಚಿ, 'ಬಾಡಿಗೆ ಕೋರಿಕೆಗೆ ಮಾತ್ರ' ಎಂದು ದಿನಾಂಕ ಸಮೇತ ಅಡ್ಡವಾಗಿ ಬರೆದು ಕೊಡುವುದು ಕ್ಷೇಮ.

ಹಾಗಾದರೆ ಹುಡುಕುವುದೆಲ್ಲಿ?

ಮೊದಲ ಬಾಗಿಲು 'ಸ್ಟುಡಿಯರೆಂಡನ್‌ವೆರ್ಕ್'. ವಿದ್ಯಾರ್ಥಿಗಳ ಊಟ, ವಸತಿ ನೋಡಿಕೊಳ್ಳುವ ಸಾರ್ವಜನಿಕ ಸಂಸ್ಥೆಯಿದು. ಅದರ ನಿಲಯಗಳಲ್ಲಿ ಬಾಡಿಗೆ ಖಾಸಗಿ ಕೋಣೆಗಿಂತ ಬಹಳ ಕಡಿಮೆ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಒಲಿಂಪಿಕ್ ಗ್ರಾಮ. 1972ರ ಕ್ರೀಡಾಕೂಟಕ್ಕೆ ಬಂದ ಮಹಿಳಾ ಕ್ರೀಡಾಪಟುಗಳಿಗಾಗಿ ಕಟ್ಟಿದ ಪುಟ್ಟ ಪುಟ್ಟ ಮನೆಗಳು ಮುಂದೆ ವಿದ್ಯಾರ್ಥಿಗಳ ಪಾಲಾದವು. ಹಳೆಯವನ್ನು ಕೆಡವಿ 2010ರ ಹೊತ್ತಿಗೆ ಸಾವಿರಕ್ಕೂ ಮಿಗಿಲಾದ ಹೊಸ ಮನೆಗಳನ್ನು ಕಟ್ಟಲಾಯಿತು. ಒಂದೊಂದೂ ಸುಮಾರು 200 ಚದರ ಅಡಿ. ಮುಂಗೋಡೆಗೆ ಬೇಕಾದ ಚಿತ್ರ ಬರೆದುಕೊಳ್ಳುವ ಸ್ವಾತಂತ್ರ್ಯ ವಾಸಿಸುವವರಿಗಿದೆ. ಹೀಗಾಗಿ ಓಣಿಯಲ್ಲಿ ನಡೆದರೆ ಒಂದರ ಮೇಲೆ ಹುಲಿ, ಇನ್ನೊಂದರ ಮೇಲೆ ಆಕಾಶಗಂಗೆ, ಮತ್ತೊಂದರ ಮೇಲೆ ಹಾಸ್ಯಚಿತ್ರ, ಹೀಗೆ ಏನು ಬೇಕಾದರೂ ಕಂಡೀತು. ಆದರೆ ಇಂಥ ನಿಲಯಗಳಿಗೆ ಕಾಯುವವರ ಪಟ್ಟಿ ಉದ್ದ. ಕೆಲವು ಸೆಮಿಸ್ಟರ್‌ಗಳೇ ಹಿಡಿದಾವು. ಆದ್ದರಿಂದ ನಿಯಮ ಅನುಮತಿಸುವ ಮೊದಲ ದಿನವೇ ಅರ್ಜಿ ಹಾಕಬೇಕು. ಚರ್ಚ್ ಮತ್ತು ಧರ್ಮಾರ್ಥ ಸಂಸ್ಥೆಗಳ ನಿಲಯಗಳು ಬೇರೆ ಇವೆ. ಅವುಗಳಿಗೆ ಪ್ರತ್ಯೇಕ ಅರ್ಜಿ.

ಎರಡನೆಯದು 'ವೇಗೇ', ಅಂದರೆ ಮೂರು ನಾಲ್ಕು ಮಂದಿ ಒಂದೇ ಅಡುಗೆಮನೆ ಹಂಚಿಕೊಂಡು ಬಾಳುವ ಕೂಡುಮನೆ. ಇಲ್ಲಿ ಇರುವವರೇ ಹೊಸಬರನ್ನು ಸಂದರ್ಶಿಸಿ ಆರಿಸುತ್ತಾರೆ. ನಾಲ್ಕು ಸಾಲು ಜರ್ಮನ್ ಭಾಷೆಯಲ್ಲಿ ಬರೆದು, ಏನು ಅಡುಗೆ ಬರುತ್ತದೆ, ಬಿಡುವಿನಲ್ಲಿ ಏನು ಮಾಡುತ್ತೇನೆ ಎಂದು ಪರಿಚಯಿಸಿಕೊಂಡವರಿಗೆ ಉತ್ತರ ಬರುವ ಸಂಭವ ಹೆಚ್ಚು. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಿದರೆ ಕಸದ ಬುಟ್ಟಿಯೇ ಗತಿ.

ಮೂರನೆಯದು ಊರಿನ ಹೊರವಲಯ. ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಲ್ಲಿ ಹಲವು ಇರುವುದು ನಗರದ ನಡುವಿನಲ್ಲಲ್ಲ, ಉತ್ತರದ ಗಾರ್ಷಿಂಗ್‌ನಲ್ಲಿ. 1957ರಲ್ಲಿ ಆರಂಭವಾಗಿ ಈಗ ನಿಂತಿರುವ ಸಂಶೋಧನಾ ಪರಮಾಣು ಸ್ಥಾವರದ ಮೊಟ್ಟೆಯಾಕಾರದ ಗುಮ್ಮಟ ಆ ಊರಿನ ಗುರುತು. ಅಂಥ ಕಡೆ ಓದುವವರಿಗೆ ಫ್ರೈಸಿಂಗ್, ಲಾಂಡ್ಸ್‌ಹೂಟ್ ಕಡೆಯ ಊರುಗಳೂ ದೂರವಲ್ಲ. ರೈಲುಗಳು ಹೊತ್ತಿಗೆ ಸರಿಯಾಗಿ ಓಡದ ದಿನ ಇವೆ, ಆದರೆ ಓಡುವುದಂತೂ ಓಡುತ್ತವೆ.

ಮೊದಲ ಕೆಲವು ವಾರಗಳಿಗೆ ಯುವ ಪ್ರವಾಸಿ ನಿಲಯವನ್ನೋ, ಯಾರಾದರೂ ಊರಿಗೆ ಹೋದಾಗ ಬಿಟ್ಟುಕೊಡುವ ತಾತ್ಕಾಲಿಕ ಕೋಣೆಯನ್ನೋ ಗೊತ್ತುಮಾಡಿಕೊಂಡು, ಖಾಯಂ ಮನೆಯನ್ನು ಹೋದ ಮೇಲೆ ಕಣ್ಣಾರೆ ನೋಡಿ ಹಿಡಿಯುವುದು ಎಲ್ಲಕ್ಕಿಂತ ಜಾಣತನ. ಯುವ ಪ್ರವಾಸಿ ನಿಲಯವೆಂಬ ಕಲ್ಪನೆಯೇ ಜರ್ಮನಿಯ ಶಾಲಾ ಮಾಸ್ತರೊಬ್ಬರದು. ರಿಚರ್ಡ್ ಶಿರ್ಮನ್ ಎಂಬ ಅಧ್ಯಾಪಕರು 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಜಗತ್ತಿನ ಮೊದಲ ಅಂಥ ನಿಲಯವನ್ನು ತೆರೆದರು. ಇದರ ಹಾಸಿಗೆಯನ್ನು ಮೇ, ಜೂನ್‌ನಲ್ಲೇ ಕಾದಿರಿಸಿದರೆ ಅಕ್ಟೋಬರ್‌ಫೆಸ್ಟಿನ ದರದ ಬಿಸಿ ಅಷ್ಟಾಗಿ ತಟ್ಟದು.

ತಂದೆ ತಾಯಿಗಳಿಗೊಂದು ಮಾತು

ಜರ್ಮನಿಯ ವೀಸಾಕ್ಕಾಗಿ ತಡೆಹಿಡಿದ ಖಾತೆಯಲ್ಲಿ ಇಡಬೇಕಾದ ಹಣ 2024ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ ಎಂದು ನಿಗದಿಯಾಯಿತು. ಮ್ಯೂನಿಕ್‌ನಲ್ಲಿ ಅದರ ಬಹುಪಾಲನ್ನು ಕೋಣೆಯೇ ನುಂಗುತ್ತದೆ. ಜೊತೆಗೆ ತಾಂತ್ರಿಕ ವಿಶ್ವವಿದ್ಯಾಲಯವು 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪ್ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವನ್ನೂ ವಿಧಿಸಿದೆ. ಹಣ ಸಾಲದು ಎಂಬ ಚಿಂತೆಯೇ ಅಗ್ಗದ ಮನೆಯ ಆಸೆಗೆ ನೀರೆರೆಯುತ್ತದೆ. ಬಾಡಿಗೆಯ ನಿಜವಾದ ಅಂಕಿಯನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದು ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಿದರೆ 550 ಯೂರೊದ ಅರಮನೆ ಕನಸೆಂಬುದು ತಾನೇ ಹೊಳೆಯುತ್ತದೆ.

ಮೋಸವಾದ ಮೇಲೆ ಮಕ್ಕಳು ಮೊದಲು ಮುಚ್ಚಿಡುವುದು ಹೆತ್ತವರಿಂದ. ಅಪ್ಪ ಬೈದಾರು, ಅಮ್ಮ ಅತ್ತಾರು ಎಂಬ ಅಂಜಿಕೆ. ಆದರೆ ಇಲ್ಲಿ ಗಂಟೆಗಳಿಗೂ ಬೆಲೆಯಿದೆ. ತಿಳಿದ ಕೂಡಲೇ ಬ್ಯಾಂಕಿಗೆ ಹೇಳಿ ವರ್ಗಾವಣೆಯನ್ನು ತಡೆಯಲು ಕೋರಬೇಕು; ಒಮ್ಮೆ ಆ ಕಡೆಯ ಖಾತೆಗೆ ಜಮೆಯಾದರೆ ಮರಳಿ ಪಡೆಯುವುದು ಬಹಳ ಕಷ್ಟ. ಭಾರತದಲ್ಲಿ ಸೈಬರ್ ವಂಚನೆಯ ದೂರಿಗೆ 1930 ಸಂಖ್ಯೆಯ ಸಹಾಯವಾಣಿಯಿದೆ. ಜರ್ಮನಿಯ ಪೊಲೀಸರಿಗೂ ದೂರು ಕೊಡಬಹುದು. ಪತ್ರ, ಜಾಹೀರಾತು, ಖಾತೆ ಸಂಖ್ಯೆ ಯಾವುದನ್ನೂ ಅಳಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, 'ಏನೇ ಆದರೂ ಮೊದಲು ನಮಗೆ ಹೇಳು' ಎಂಬ ಮಾತನ್ನು ವಿಮಾನ ಹತ್ತುವ ಮೊದಲೇ ಮಕ್ಕಳಿಗೆ ಹೇಳಿಟ್ಟಿರಬೇಕು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಬಾಡಿಗೆಯ ಮೋಸ ನಿಂತಿರುವುದೆಲ್ಲ ಆ ಆತುರದ ಮೇಲೆ. ಕರಾರು ಓದಿ, ಮನೆ ನೋಡಿ, ಬೀಗದ ಕೈ ಒಂದು ಕೈಗೆ ಬರುವಾಗ ಇನ್ನೊಂದು ಕೈಯಿಂದ ಹಣ ಕೊಡುವುದು, ಇಷ್ಟು ಕಟ್ಟುನಿಟ್ಟು ಇಟ್ಟುಕೊಂಡವರು ತಡವಾಗಿಯಾದರೂ ನೆಲೆ ಕಂಡುಕೊಳ್ಳುತ್ತಾರೆ. ಮ್ಯೂನಿಕ್‌ನ ಯಾವುದೋ ಬೀದಿಯ ಬಾಗಿಲಲ್ಲಿ, ಮುಲ್ಲರ್, ಷ್ಮಿಟ್ ಎಂಬ ಹೆಸರುಗಳ ನಡುವೆ ಒಂದು ಗೌಡ, ಒಂದು ಪಾಟೀಲ, ಒಂದು ಶೆಟ್ಟಿ ಎಂಬ ಚೀಟಿ ಅಂಟಿಕೊಳ್ಳುತ್ತದೆ. ಅಂದಿನಿಂದ ಊರಿನಿಂದ ಬರೆದ ಕಾಗದವೂ ತಪ್ಪದೆ ತಲುಪುತ್ತದೆ.